ಅಳತೆಯ ಅಂಕಿ ಎಲ್ಲಿಗೆ ನಿಲ್ಲಬೇಕು?



ಬೆಂಗಳೂರಿನಲ್ಲಿ ಸೈಟು ಎಂದರೆ ಮೊದಲು ಬಾಯಿಗೆ ಬರುವುದು ಮೂವತ್ತು ನಲವತ್ತು. ಮೂವತ್ತಡಿ ಅಗಲ, ನಲವತ್ತಡಿ ಉದ್ದ, 1,200 ಚದರಡಿ. ಮೀಟರಿನಲ್ಲಿ ಇದು 9.144 ಮತ್ತು 12.192. ನಕ್ಷೆ ಬರೆಯುವವರು ಚುಕ್ಕೆಯ ಮುಂದೆ ಒಂದೇ ಅಂಕಿ ಸಾಕೆಂದು 9.1, 12.2 ಎಂದು ರೌಂಡ್ ಮಾಡಿದರು ಅನ್ನಿ. ಗುಣಿಸಿದರೆ 111.02 ಚದರ ಮೀಟರ್. ಮತ್ತೆ ಅಡಿಗೆ ತಿರುಗಿಸಿದರೆ 1,195. ನೆಲದಲ್ಲಿ ಒಂದು ಕಲ್ಲೂ ಕದಲಿಲ್ಲ, ಕಾಗದದಲ್ಲಿ ಐದು ಚದರಡಿ ಹೋಯಿತು! ಕ್ರಯಪತ್ರಕ್ಕೂ ನಕ್ಷೆಗೂ ತಾಳೆಯಾಗದಿದ್ದರೆ ಸಾಲ ಕೊಡುವ ಬ್ಯಾಂಕಿನವರು ಸುಮ್ಮನಿರುವುದಿಲ್ಲ. ಅದಕ್ಕೇ ಲೆಕ್ಕ ಮುಗಿಯುವತನಕ ಅಂಕಿಗಳನ್ನು ಪೂರ್ತಿ ಇಟ್ಟುಕೊಳ್ಳಬೇಕು, ಕೊನೆಯ ಉತ್ತರವನ್ನು ಮಾತ್ರ ಒಂದೇ ಸಲ ರೌಂಡ್ ಮಾಡಬೇಕು.

ಹಾಗೆಂದು ಅಂಕಿ ಹೆಚ್ಚಿದಷ್ಟೂ ಅಳತೆ ನಿಖರ ಎಂದುಕೊಳ್ಳಬೇಡಿ. ನೂರು ಮೀಟರ್ ಉದ್ದ, ಅರವತ್ತು ಮೀಟರ್ ಅಗಲದ ಹೊಲ. ಎರಡೂ ಅಳತೆಯಲ್ಲಿ ಹತ್ತು ಸೆಂಟಿಮೀಟರ್ ಆಚೀಚೆ ಆಗಬಹುದಾದರೆ ವಿಸ್ತೀರ್ಣದಲ್ಲಿ ಸುಮಾರು 16 ಚದರ ಮೀಟರ್ ಹೆಚ್ಚುಕಡಿಮೆಯಾದೀತು. ಅಲ್ಲಿ 6,000.00 ಎಂದು ಬರೆದರೆ ಆ ಕೊನೆಯ ಸೊನ್ನೆಗಳು ಇಲ್ಲದ ಭರವಸೆ ಕೊಡುತ್ತವೆ.

ನಮ್ಮ ಜಮೀನಿನ ಹಳೆಯ ಸರ್ವೆ ಟಿಪ್ಪಣಿಗಳನ್ನು ಓದುವಾಗ ಈ ವಿಚಾರ ಇನ್ನೂ ಮುಖ್ಯ. ಮುಂಬಯಿ ಪ್ರಾಂತ್ಯದ ಪದ್ಧತಿಯಲ್ಲಿ ಸರಪಳಿಯ ಉದ್ದ 33 ಅಡಿ. ಒಂದು ಚದರ ಸರಪಳಿ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಆ ಸರಪಳಿಗೆ ಹದಿನಾರು ಆಣೆ. ಆಣೆಯೊಂದಕ್ಕೆ ಎರಡಡಿ ಮುಕ್ಕಾಲು ಇಂಚು. ಹೀಗೆ ಆಣೆಯಲ್ಲಿ ಬರೆದಿಟ್ಟ ಬದುವನ್ನು ಇಂದು ಮಿಲಿಮೀಟರ್ ತೋರಿಸುವ ಯಂತ್ರದಿಂದ ಅಳೆದು, ಒಂದಡಿ ವ್ಯತ್ಯಾಸ ಬಂದೊಡನೆ ಪಕ್ಕದವರು ಒತ್ತುವರಿ ಮಾಡಿದ್ದಾರೆ ಎನ್ನುವುದು ಅನ್ಯಾಯ. ಹಳೆಯ ಅಳತೆಯಲ್ಲಿ ಅಷ್ಟು ಸಡಿಲ ಮೊದಲೇ ಇತ್ತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಣ್ಣತಮ್ಮಂದಿರು ಕೋರ್ಟು ಹತ್ತುವುದು ಇಂಥ ಅಡಿ, ಅರ್ಧ ಅಡಿಗೇ. ಮೊದಲು ಗಡಿ ಕಲ್ಲು ನೋಡಿ, ಚಕ್ಕುಬಂದಿ ಓದಿ.

ಇನ್ನು ಪಹಣಿಯ ಚುಕ್ಕೆ. ಅಲ್ಲಿ 1.20 ಎಂದಿದ್ದರೆ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಅದು ದಶಾಂಶದ ಚುಕ್ಕೆಯಲ್ಲ. ಕ್ಯಾಲ್ಕುಲೇಟರಿಗೆ ಹಾಗೇ ಒತ್ತಿದರೆ 48 ಗುಂಟೆಯಾಗಿ, ಹನ್ನೆರಡು ಗುಂಟೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಪಾಲುಪಟ್ಟಿ ಬರೆಸುವಾಗ ಎಕರೆ, ಗುಂಟೆ ಎಂಬ ಮಾತುಗಳನ್ನು ಅಂಕಿಯ ಪಕ್ಕದಲ್ಲೇ ಬರೆಸಿಕೊಳ್ಳಿ.