ಸುಂಟರಗಾಳಿ ಬಂದಿತ್ತೇ? ನೋಡಿದವರು ಯಾರು?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿಜ್ಞಾನ ಸಂಘದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ ‘ವಿಜ್ಞಾನ ಮತ್ತು ನಾವು’ ಎಂಬುದು. ಅದು ಬಹಳ ದೊಡ್ಡ ವಿಷಯ. ಅದರಲ್ಲಿ ಒಂದು ಸಣ್ಣ ತುಂಡನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಅದು ಗಾಳಿ. ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಶುರುಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಸಂಜೆ ನನ್ನ ಮೊಬೈಲಿಗೆ ಒಂದು ವಿಡಿಯೋ ಬಂತು. ಕಪ್ಪು ಮೋಡದಿಂದ ಆನೆಯ ಸೊಂಡಿಲಿನಂತೆ ಇಳಿದ ಗಾಳಿ ಮನೆಗಳ ಮಾಡು ಕಿತ್ತು ಎಸೆಯುತ್ತಿತ್ತು. ಕೆಳಗೆ ‘ಬಬಲೇಶ್ವರದ ಹತ್ತಿರ ಸುಂಟರಗಾಳಿ, ಈಗಷ್ಟೇ’ ಎಂದು ಬರೆದಿತ್ತು. ನಾನು ವಿಜ್ಞಾನದ ಮಾಸ್ತರ. ಆದರೂ ಎರಡನೆಯ ಸಲ ನೋಡದೆ ನಾಲ್ಕು ಜನರಿಗೆ ಕಳಿಸಿಬಿಟ್ಟೆ. ಹತ್ತು ನಿಮಿಷದಲ್ಲಿ ಬಬಲೇಶ್ವರದಿಂದ ತಂಗಿಯ ಫೋನು. ‘ಭಾಯಿಜಾನ್, ಇಲ್ಲಿ ಒಂದು ಹನಿ ಮಳೆಯೂ ಇಲ್ಲ. ನೀವು ಕಳಿಸಿದ್ದು ನೋಡಿ ನಮ್ಮ ಅತ್ತೆಯವರು ನಮಾಜಿನ ಚಾಪೆ ಬಿಟ್ಟು ಏಳುತ್ತಿಲ್ಲ’ ಎಂದಳು. ಮರುದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದೇ ವಿಡಿಯೋ ನೋಡಿ, ‘ಸರ್, ಗಾಡಿಗಳು ರಸ್ತೆದ ಬಲಗಡೆ ಹೊಂಟಾವ್ರಿ’ ಎಂದ. ನಮ್ಮ ದೇಶದಲ್ಲಿ ವಾಹನಗಳು ಎಡಗಡೆ ಓಡುತ್ತವೆ. ಮಾಸ್ತರನಿಗೆ ಕಾಣದ್ದು ಶಿಷ್ಯನಿಗೆ ಕಂಡಿತ್ತು.

ಆ ಹುಡುಗನೂ ಅವನ ಮೂವರು ಗೆಳೆಯರೂ ಅಂದಿನಿಂದ ಇಂಥ ಸುದ್ದಿ ಬಂದಾಗಲೆಲ್ಲ ‘ನಿಜವೇ ನೋಡೋಣ’ ಎನ್ನತೊಡಗಿದರು. ಅವರ ಜೊತೆ ನಾನೂ ಹೋಗತೊಡಗಿದೆ.

ಮೊದಲ ತೊಡಕು ಪದದ್ದೇ. ನಾವು ಸುಂಟರಗಾಳಿ ಎಂದು ಎಷ್ಟು ಬೇರೆ ಬೇರೆ ಗಾಳಿಗಳನ್ನು ಕರೆಯುತ್ತೇವೆ ನೋಡಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಬಟ್ಟಬಯಲಾದ ಎರೆಹೊಲದಲ್ಲಿ ಧೂಳು, ಒಣ ಎಲೆ, ಕಾಗದದ ಚೂರು ಸುತ್ತಿಕೊಂಡು ಮೇಲೇರುವುದನ್ನು ನೀವೆಲ್ಲ ಕಂಡಿದ್ದೀರಿ. ಹಳ್ಳಿಯಲ್ಲಿ ಸುಳಿಗಾಳಿ ಎನ್ನುತ್ತಾರೆ, ನಮ್ಮ ಮನೆಗಳ ದಖನಿಯಲ್ಲಿ ಬಗೂಲಾ. ಇದು ನೆಲದಿಂದ ಹುಟ್ಟುವ ಗಾಳಿ. ಕಾದ ನೆಲದ ಮೇಲಿನ ಬಿಸಿ ಗಾಳಿ ಮೇಲೇರುವಾಗ ಸುತ್ತುತ್ತದೆ. ಇದಕ್ಕೆ ಮೋಡವೇ ಬೇಡ, ಆಕಾಶ ನೀಲಿಯಾಗಿಯೇ ಇರುತ್ತದೆ. ಕೆಲವು ನಿಮಿಷಗಳಲ್ಲಿ ಕರಗುತ್ತದೆ. ಮಂಗಳ ಗ್ರಹದಲ್ಲಿಯೂ ಇದನ್ನು ಯಂತ್ರಗಳು ಚಿತ್ರ ತೆಗೆದಿವೆ. ಅಲ್ಲಿ ಮಳೆಯೂ ಇಲ್ಲ, ದೆವ್ವವೂ ಇಲ್ಲ.

ನಿಜವಾದ ಟಾರ್ನೇಡೋ ಇದಕ್ಕೆ ಪೂರ್ತಿ ವಿರುದ್ಧ. ಅದು ಗುಡುಗು ಮೋಡದಿಂದ ಕೆಳಗಿಳಿಯುತ್ತದೆ. ಮೂರನೆಯದು, ನಮ್ಮ ಭಾಗದಲ್ಲಿ ಹೆಚ್ಚು ಹಾನಿ ಮಾಡುವುದು, ಸುತ್ತುವುದೇ ಇಲ್ಲ. ಗುಡುಗು ಮೋಡದೊಳಗೆ ಮಳೆ, ಆಲಿಕಲ್ಲಿನಿಂದ ತಣ್ಣಗಾಗಿ ಭಾರವಾದ ಗಾಳಿ ಧೊಪ್ಪೆಂದು ನೆಲಕ್ಕೆ ಬಿದ್ದು ಸುತ್ತಲೂ ಹರಡುತ್ತದೆ, ಬಕೆಟ್ಟಿನ ನೀರನ್ನು ಅಂಗಳಕ್ಕೆ ಸುರುವಿದ ಹಾಗೆ.

ಭಾರತದಲ್ಲಿ ಟಾರ್ನೇಡೋ ಇಲ್ಲವೆಂದು ತಿಳಿಯಬೇಡಿ. 1978ರ ಮಾರ್ಚ್ 17ರಂದು ದೆಹಲಿಯ ವಿಶ್ವವಿದ್ಯಾಲಯದ ಸುತ್ತಮುತ್ತ ಬಂದದ್ದು ಕೆಲವೇ ನಿಮಿಷಗಳಲ್ಲಿ 28 ಜನರ ಪ್ರಾಣ ತೆಗೆಯಿತು. 1998ರ ಮಾರ್ಚ್ 24ರಂದು ಒಡಿಶಾ ಮತ್ತು ಪಶ್ಚಿಮ ಬಂಗಾಳದ ಗಡಿಯಲ್ಲಿ, 2023ರ ಮಾರ್ಚ್ 24ರಂದು ಪಂಜಾಬಿನ ಫಾಜಿಲ್ಕಾ ಜಿಲ್ಲೆಯ ಬಕೈನ್‌ವಾಲಾ ಗ್ರಾಮದಲ್ಲಿ ಬಂದಿತ್ತು. ಬಾಂಗ್ಲಾದೇಶದ ದೌಲತ್‌ಪುರ, ಸತುರಿಯಾ ಕಡೆ 1989ರ ಏಪ್ರಿಲ್ 26ರಂದು ಬಂದದ್ದರಲ್ಲಿ ಸುಮಾರು 1,300 ಜನ ಸತ್ತರೆಂದು ಅಂದಾಜು. ಬಂಗಾಳ ಕೊಲ್ಲಿಯ ತೇವದ ಗಾಳಿಯ ಮೇಲೆ ವಾಯವ್ಯದ ಒಣಗಾಳಿ ಬೇರೆ ವೇಗದಲ್ಲಿ, ಬೇರೆ ದಿಕ್ಕಿನಲ್ಲಿ ಬೀಸುವುದರಿಂದ ಅಲ್ಲಿ ಮೋಡವೇ ತಿರುಗತೊಡಗುತ್ತದೆ. ನಮ್ಮ ದಖನ್ ಪ್ರಸ್ಥಭೂಮಿಯಲ್ಲಿ ಅಂಥ ಸಂದರ್ಭ ಅಪರೂಪ. ಆದ್ದರಿಂದ ತಿಕೋಟಾದಿಂದ ಸುದ್ದಿ ಬಂದರೆ ನಗಲೂಬಾರದು, ನಂಬಲೂಬಾರದು, ಹೋಗಿ ನೋಡಬೇಕು.

ಅಲ್ ಬಿರೂನಿಯವರ ಹೆಸರು ಕೇಳಿದ್ದೀರಿ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಗ್ರಂಥವನ್ನು ಅವರು ಆರಂಭಿಸುವುದೇ ಕಿವಿಯಿಂದ ಕೇಳಿದ್ದಕ್ಕೂ ಕಣ್ಣಿನಿಂದ ಕಂಡದ್ದಕ್ಕೂ ಇರುವ ವ್ಯತ್ಯಾಸದಿಂದ. ಸುಳ್ಳು ಸುದ್ದಿ ಕೊಡುವವರಲ್ಲಿ ಎಷ್ಟು ಬಗೆ ಎಂದೂ ವಿಂಗಡಿಸುತ್ತಾರೆ. ಸ್ವಾರ್ಥಕ್ಕೆ ಹೇಳುವವರ ಜೊತೆಗೆ, ತಿಳಿಯದೆ ಇನ್ನೊಬ್ಬರು ಹೇಳಿದ್ದನ್ನು ಮುಂದೆ ಸಾಗಿಸುವವರನ್ನೂ ಅವರು ಬಿಟ್ಟಿಲ್ಲ. ಆ ಸಾಲಿನಲ್ಲಿ ನನ್ನನ್ನೂ ನನ್ನ ಮೊಬೈಲನ್ನೂ ಕಂಡು ನನಗೆ ನಾಚಿಕೆಯಾಯಿತು.

ಈಗ ತಿಕೋಟಾ ಕಡೆಯ ಒಂದು ತೋಟಕ್ಕೆ ಬನ್ನಿ. ಹಿಂದಿನ ಸಂಜೆ ಗಾಳಿ ಬೀಸಿ ಒಣದ್ರಾಕ್ಷಿ ಮಾಡುವ ಶೆಡ್ಡಿನ ಪತ್ರಾಸು ಹಾರಿ, ಬೇವಿನ ಗಿಡಗಳು ಬಿದ್ದಿದ್ದವು. ಊರಿಗೆ ಊರೇ ‘ಸುಂಟರಗಾಳಿ’ ಎನ್ನುತ್ತಿತ್ತು. ಹುಡುಗರು ಕೇಳಿದ ಮೊದಲ ಪ್ರಶ್ನೆ, ‘ನೀವೇ ನೋಡಿದ್ರ್ಯಾ, ಯಾರರೆ ಹೇಳಿದ್ರಾ?’ ಹನ್ನೊಂದು ಜನರಲ್ಲಿ ಒಂಬತ್ತು ಜನ ಮನೆಯೊಳಗಿದ್ದರು. ಹೊರಗಿದ್ದ ಇಬ್ಬರಲ್ಲಿ ಒಬ್ಬರು ಕಣ್ಣಿಗೆ ಧೂಳು ಬಿತ್ತೆಂದರು, ಇನ್ನೊಬ್ಬ ಕುರಿ ಕಾಯುವ ಹುಡುಗ, ‘ಮೊದಲ ತಣ್ಣನ ಗಾಳಿ ಬಂತ್ರಿ, ಆಮ್ಯಾಲೆ ಆಣೆಕಲ್ಲು’ ಎಂದ. ಅವನ ಒಂದು ಮಾತು ಉಳಿದ ಹತ್ತಕ್ಕೆ ಸಮ. ತಣ್ಣನೆಯ ಗಾಳಿ ಮೇಲಿನಿಂದ ಬಿದ್ದ ಗಾಳಿಯ ಗುರುತು.

ಆಮೇಲೆ ದಿಕ್ಸೂಚಿ ಹಿಡಿದು ಒಂದೊಂದು ಬಿದ್ದ ಗಿಡದ ತುದಿ ಯಾವ ಕಡೆ ಇದೆ ಎಂದು ನೋಟುಬುಕ್ಕಿನಲ್ಲಿ ಬಾಣ ಹಾಕಿದೆವು. ಈ ವಿದ್ಯೆಯ ದೊಡ್ಡ ಗುರು ಜಪಾನಿನ ಟೆಟ್ಸುಯಾ ಫುಜಿಟಾ. 1945ರಲ್ಲಿ ಅಣುಬಾಂಬು ಬಿದ್ದ ನಾಗಸಾಕಿಗೆ ಹೋಗಿ ಮರಗಳು ಒಂದು ನಡುಬಿಂದುವಿನಿಂದ ನಕ್ಷತ್ರದ ಕಿರಣಗಳಂತೆ ಹೊರಕ್ಕೆ ಬಿದ್ದದ್ದನ್ನು ಅವರು ಕಂಡಿದ್ದರು. ಮುಂದೆ ಅಮೆರಿಕಕ್ಕೆ ಹೋಗಿ, 1974ರ ಏಪ್ರಿಲ್ 3 ಮತ್ತು 4ರಂದು ಅಲ್ಲಿ 148 ಟಾರ್ನೇಡೋಗಳು ಬಂದಾಗ ವಿಮಾನದಿಂದ ಹಾನಿಯನ್ನು ನೋಡುತ್ತಿದ್ದವರಿಗೆ ಕೆಲವು ಕಡೆ ಅದೇ ನಕ್ಷತ್ರ ಮತ್ತೆ ಕಂಡಿತು. ಇದು ಸುತ್ತುವ ಗಾಳಿಯದಲ್ಲ, ಮೇಲಿನಿಂದ ಬಿದ್ದು ಹರಡಿದ ಗಾಳಿಯದು ಎಂದರು. ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತದ್ದು ಇದೇ ಗಾಳಿಯಿಂದ ಎಂದು ಅವರು ತೋರಿಸಿಕೊಟ್ಟರು. ಮುಂದೆ ರೇಡಾರಿನಲ್ಲಿ ಅಂಥ ಗಾಳಿ ಸಿಕ್ಕ ಮೇಲೆ ವಾದ ಮುಗಿಯಿತು.

ನಮ್ಮ ನೋಟುಬುಕ್ಕಿನ ಬಾಣಗಳು ಬೀಸಣಿಗೆಯಂತೆ ಪೂರ್ವಕ್ಕೂ ಆಗ್ನೇಯಕ್ಕೂ ಬಿಚ್ಚಿಕೊಂಡಿದ್ದವು. ಟಾರ್ನೇಡೋ ಆಗಿದ್ದರೆ ಹಾನಿ ಕಿರಿದಾದ ಉದ್ದ ಪಟ್ಟಿಯಾಗಿರುತ್ತಿತ್ತು, ಪಟ್ಟಿಯ ಎರಡೂ ಬದಿಯ ಗಿಡಗಳು ನಡುವಿನ ಕಡೆ ಬಾಗಿ ಒಂದರ ಮೇಲೊಂದು ಅಡ್ಡಡ್ಡ ಬಿದ್ದಿರುತ್ತಿದ್ದವು. ಇಲ್ಲಿ ಹಾನಿ ಅಗಲವಾಗಿತ್ತು. ದ್ರಾಕ್ಷಿಯ ಕಬ್ಬಿಣದ ಕಂಬಗಳ ಸಾಲೂ ಒಂದೇ ಕಡೆ ವಾಲಿತ್ತು.

ತೋಟದ ಯಜಮಾನರು, ಎಪ್ಪತ್ತರ ಹಿರಿಯರು, ನಮ್ಮ ಮಾತು ಕೇಳಿ ಮುಖ ಸಣ್ಣದು ಮಾಡಿದರು. ‘ಮಾಸ್ತರ್ರ, ಸುಂಟರಗಾಳಿ ಅಲ್ಲ ಅಂದ್ರ ನನ್ನ ಲುಕ್ಸಾನ ಸುಳ್ಳಾತೇನ್ರಿ?’ ಎಂದರು.

ಈ ಪ್ರಶ್ನೆಗೆ ನಾನು ತಯಾರಾಗಿ ಹೋಗಿರಲಿಲ್ಲ. ಅವರು ಬರೆಸಿದ್ದ ಅರ್ಜಿಯಲ್ಲಿ ‘ಭಯಂಕರ ಸುಂಟರಗಾಳಿ’ ಎಂದು ಎರಡು ಸಲ ಇತ್ತು, ಆಲಿಕಲ್ಲು ಎಂಬ ಪದ ಒಂದು ಸಲವೂ ಇರಲಿಲ್ಲ. ಆದರೆ ಸರ್ಕಾರದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಹೆಸರಿಟ್ಟು ಇರುವುದು ಆಲಿಕಲ್ಲು ಮಳೆ. ಬೆಳೆಹಾನಿ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೆರವಿಗೆ ಅರ್ಹ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿಯೂ ಒಬ್ಬ ರೈತನ ಹೊಲಕ್ಕೆ ಆಲಿಕಲ್ಲಿನಂಥ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಅವರ ದಾಳಿಂಬೆ ಗಿಡಗಳ ಕಾಯಿಗಳ ಮೇಲೆ ಹೊಡೆತದ ಗುರುತು ಎದ್ದು ಕಾಣುತ್ತಿತ್ತು. ಮೊಮ್ಮಗಳು ಆಣೆಕಲ್ಲನ್ನು ತಾಟಿನಲ್ಲಿ ಆರಿಸಿಟ್ಟು ಫೋಟೋ ತೆಗೆದಿದ್ದಳು, ಅದರಲ್ಲಿ ಸಮಯವೂ ಇತ್ತು. ಅರ್ಜಿ ಹೊಸದಾಗಿ ಬರೆದೆವು. ಗಾಳಿ ಯಾವ ದಿಕ್ಕಿನಿಂದ, ಎಷ್ಟು ಹೊತ್ತಿಗೆ, ಆಣೆಕಲ್ಲು ಎಷ್ಟು ಗಾತ್ರ, ಎಷ್ಟು ಗಿಡ. ಆ ದಿನದ ಮಳೆಯ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆಂದು ಹುಡುಗರು ಹೇಳಿದರು. ಗ್ರಾಮ ಪಂಚಾಯತಿ ಮಟ್ಟದಲ್ಲಿ ಅವರ ಮಳೆಮಾಪಕಗಳಿವೆ. ಸಂಜೆ ಅದನ್ನೂ ಸೇರಿಸಿದೆವು. ಹಿರಿಯರು ಅರ್ಜಿಯನ್ನು ಎರಡು ಸಲ ಓದಿಸಿ ಕೇಳಿ, ‘ಇದರಾಗ ಸುಂಟರಗಾಳಿ ಇಲ್ಲಲ್ರೀ’ ಎಂದು ಸ್ವಲ್ಪ ಬೇಸರದಿಂದಲೇ ಸಹಿ ಹಾಕಿದರು.

ಪಾಲಕರಿಗೆ ಒಂದು ಮಾತು. ಗಾಳಿ ಬೀಸುವಾಗ ನೋಡಲು ಓಡುವ ಕೆಲಸ ಇದಲ್ಲ. ಗುಡುಗು ಕೇಳಿದರೆ ಗಿಡದ ಕೆಳಗೂ ಬೇಡ, ಪತ್ರಾಸಿನ ಶೆಡ್ಡೂ ಬೇಡ, ಪಕ್ಕಾ ಮನೆಯೊಳಗಿರಬೇಕು. ನಮ್ಮ ಕೆಲಸ ಮರುದಿನ ಬೆಳಿಗ್ಗೆಯದು, ಬಿದ್ದ ಗಿಡಗಳನ್ನು ಕಡಿದು ಒಯ್ಯುವುದಕ್ಕಿಂತ ಮುಂಚೆ.

ಎರಡು ದಿಕ್ಸೂಚಿ, ಒಂದು ಅಳತೆ ಟೇಪು, ಒಂದು ದಪ್ಪ ನೋಟುಬುಕ್ಕು ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಇಡಿಸಿದ್ದೇನೆ. ತಿಕೋಟಾ, ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುವ ಮಕ್ಕಳು ಮೊದಲು ಹೆಸರು ಕೊಡಿ, ಏಕೆಂದರೆ ಸುದ್ದಿ ನಿಮ್ಮ ಬಸ್ಸಿನಲ್ಲಿಯೇ ಮೊದಲು ಬರುತ್ತದೆ. ನೋಟುಬುಕ್ಕಿನ ಮೊದಲ ಪುಟದಲ್ಲಿ ಆ ಬಲಗಡೆ ಓಡುವ ಗಾಡಿಗಳ ವಿಡಿಯೋದ ವಿವರ ಬರೆದಿದ್ದೇನೆ. ‘ಕಳಿಸಿದವರು’ ಎಂಬ ಅಂಕಣದಲ್ಲಿ ನನ್ನ ಹೆಸರಿದೆ.