ಕೈಗಳಿಗೂ ಕೋಪ ಬರುತ್ತದೆ

ಕಿವುಡರ ಸಂಜ್ಞೆ ಬರೀ ಹಾವಭಾವ, ಕಡುಕೋಪಕ್ಕೆ ಅದು ಸಾಲದು ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಸಂಜ್ಞೆಗಳಿಗೆ ಕೈಯ ಆಕಾರ, ಜಾಗ, ಚಲನೆಯ ಕಟ್ಟುನಿಟ್ಟಾದ ರಚನೆಯಿದೆಯೆಂದು ಭಾಷಾವಿಜ್ಞಾನಿ ವಿಲಿಯಂ ಸ್ಟೋಕೋ 1960ರಲ್ಲೇ ಅಮೆರಿಕನ್ ಸಂಜ್ಞಾಭಾಷೆಯ ಮೂಲಕ ತೋರಿಸಿದರು. ಆ ಭಾಷೆಯಲ್ಲಿ ಹುಬ್ಬು ಗಂಟಿಕ್ಕುವುದು 'ಯಾರು', 'ಏಕೆ' ಎಂದು ಕೇಳುವಾಗಿನ ವ್ಯಾಕರಣ. ಭಾಷೆ ಅರಿಯದವರು ಅದನ್ನೇ ಸಿಟ್ಟೆಂದು ತಿಳಿಯುತ್ತಾರೆ. ನಿಜವಾದ ಸಿಟ್ಟು ಬಂದಾಗ ಕೈ ಬಿರುಸಾಗುತ್ತದೆ, ಸಂಜ್ಞೆ ಅಗಲವಾಗುತ್ತದೆ. ಬೈಗುಳಗಳೂ ಅಲ್ಲಿ ಧಾರಾಳವಾಗಿವೆ.

ಬೈಗುಳವನ್ನು ಮೆಚ್ಚಬೇಕೇ ಎಂದು ನೀವು ಕೇಳಬಹುದು. ಬೇಡ. ಆದರೆ ಬೈಯಲು ಬಲ್ಲ ಭಾಷೆ ಮಾತ್ರ ಅನ್ಯಾಯವನ್ನು ಗಟ್ಟಿಯಾಗಿ ಪ್ರಶ್ನಿಸಬಲ್ಲದು. ಕಿವುಡರ ಶಿಕ್ಷಣ ಕುರಿತ 1880ರ ಮಿಲಾನ್ ಸಮ್ಮೇಳನ ಶಾಲೆಗಳಲ್ಲಿ ಸಂಜ್ಞೆ ಬೇಡವೆಂದಾಗ ಮಕ್ಕಳು ಪಾಠದ ಜೊತೆಗೆ ನೋವು ಹೇಳಿಕೊಳ್ಳುವ ದಾರಿಯನ್ನೂ ಕಳೆದುಕೊಂಡರು. ಕಿವುಡ ಮಗುವಿಗೆ ಎಳವೆಯಲ್ಲೇ ಸಂಜ್ಞಾಭಾಷೆ ಸಿಗಲಿ, ಮನೆಯವರೂ ಅದನ್ನು ಕಲಿಯಲಿ. ಮಗುವಿನ ಮುನಿಸಿಗೂ ಉತ್ತರ ಸಿಗಬೇಕು.