ಎಲುಬು ಹೇಳುವ ವಯಸ್ಸು

ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ‘ಎರಡು ಹಲ್ಲು, ನಾಲ್ಕು ಹಲ್ಲು’ ಎಂದು ಪ್ರಾಯ ಲೆಕ್ಕಹಾಕುವುದನ್ನು ನೀವು ನೋಡಿರಬಹುದು. ಮಕ್ಕಳಿಗೂ ಈ ಪರೀಕ್ಷೆ ನಡೆದದ್ದುಂಟು. ಒಂಬತ್ತು ತುಂಬದ ಮಕ್ಕಳನ್ನು ಹತ್ತಿ, ಉಣ್ಣೆ ಗಿರಣಿಗಳಲ್ಲಿ ದುಡಿಸಬಾರದೆಂದು ಇಂಗ್ಲೆಂಡಿನ 1833ರ ಕಾಯಿದೆ ವಿಧಿಸಿತು. ಆದರೆ ಮಕ್ಕಳ ವಯಸ್ಸಿಗೆ ಪುರಾವೆ ಎಲ್ಲಿ? ಎತ್ತರಕ್ಕಿಂತ ಹಲ್ಲನ್ನು ನಂಬುವುದು ಮೇಲೆಂದು ದಂತವೈದ್ಯ ಎಡ್ವಿನ್ ಸಾಂಡರ್ಸ್ 1837ರಲ್ಲಿ ತೋರಿಸಿಕೊಟ್ಟರು.

ಮೊದಲ ಶಾಶ್ವತ ದವಡೆಹಲ್ಲು ಸುಮಾರು ಆರನೆಯ ವರ್ಷಕ್ಕೆ ಮೂಡುತ್ತದೆ. ಎರಡನೆಯದು ಹನ್ನೆರಡರ ಆಸುಪಾಸಿನಲ್ಲಿ. ಬುದ್ಧಿಹಲ್ಲಿಗೆ ಮಾತ್ರ ಗೊತ್ತಾದ ಕಾಲವಿಲ್ಲ. ಆಗ ಎಲುಬಿನ ಸರದಿ. ಬೆಳೆಯುವ ಎಲುಬಿನ ತುದಿಯಲ್ಲಿ ಮೃದ್ವಸ್ಥಿಯ ಪದರವಿರುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ಅದು ಸಂದಿನಂತೆ ಕಾಣುತ್ತದೆ. ಬೆಳವಣಿಗೆ ಮುಗಿದಾಗ ಆ ಸಂದು ಕೂಡಿಕೊಳ್ಳುತ್ತದೆ.

ಆದರೆ ಎಲ್ಲರಲ್ಲೂ ಒಂದೇ ವಯಸ್ಸಿಗಲ್ಲ. ಹುಡುಗಿಯರಲ್ಲಿ ಬೇಗ, ಅರೆಹೊಟ್ಟೆಯಲ್ಲಿ ಬೆಳೆದವರಲ್ಲಿ ತಡ. ಇಂಥ ಅಂದಾಜು ಹಿಂದಕ್ಕೋ ಮುಂದಕ್ಕೋ ಎರಡು ವರ್ಷ ತಪ್ಪಬಹುದೆಂದು ನಮ್ಮ ಸುಪ್ರೀಂ ಕೋರ್ಟು 1982ರಲ್ಲಿ ಹೇಳಿತು. ಹದಿನೇಳರ ಹುಡುಗನನ್ನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕೋ, ದೊಡ್ಡವರ ನ್ಯಾಯಾಲಯದಲ್ಲೋ? ಎರಡು ವರ್ಷದ ವ್ಯತ್ಯಾಸ ಅವನ ಬದುಕನ್ನೇ ತಿರುಗಿಸಬಲ್ಲದು.

ಆದ್ದರಿಂದಲೇ 2015ರ ಬಾಲನ್ಯಾಯ ಕಾಯಿದೆ ಮೊದಲು ಶಾಲೆಯ ದಾಖಲೆ ಕೇಳುತ್ತದೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ.

ಎಲುಬು ಸುಳ್ಳು ಹೇಳುವುದಿಲ್ಲ, ಆದರೆ ತಾರೀಖನ್ನೂ ಹೇಳುವುದಿಲ್ಲ. ಮಗು ಹುಟ್ಟಿದ 21 ದಿನಗಳೊಳಗೆ ಬರೆಸುವ ಒಂದು ಸಾಲು ಅದನ್ನು ಹೇಳುತ್ತದೆ. ತಪ್ಪದೆ ಬರೆಸಿ.